ಕೇದಾರಕಂಠವೋ, ಬ್ರಹ್ಮತಾಲೋ, ದಯಾರಾವೋ: ಹಿಮದಲ್ಲಿ ಮಲಗೋಕೆ ಹೊರಟವರಿಗೆ

ನವೆಂಬರ್ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಮೆಸೇಜು. "ಕೇದಾರಕಂಠ ಹೋಗೋದಾ, ಬ್ರಹ್ಮತಾಲ್ ಹೋಗೋದಾ?" ಎರಡೂ ಉತ್ತರಾಖಂಡದ ಹಿಮಾಲಯದಲ್ಲಿ ಚಳಿಗಾಲಕ್ಕೆ ಜನ ಹೋಗುವ ಟ್ರೆಕ್‌ಗಳು. ಈ ಸಲ ಮೂರು ಜನ ಕೇಳಿದರು. ಒಬ್ಬ ಆಫೀಸಿನ ಹುಡುಗ, ಅವನಿಗೆ ರಜೆ ಐದೇ ದಿನ. ಇನ್ನೊಬ್ಬರು ನಮ್ಮ ಭಾವ, ವಯಸ್ಸು 58, ಮಂಡಿ ಸ್ವಲ್ಪ ತಕರಾರು. ಮೂರನೆಯವಳು ನಾದಿನಿ, ಅವಳ ಹತ್ತು ವರ್ಷದ ಮಗನಿಗೆ ಹಿಮದಲ್ಲಿ ಟೆಂಟ್ ಹಾಕಿ ಮಲಗಬೇಕಂತೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಮೂವರೂ ವಾಪಸ್ ಬಂದು ಬೈಯುತ್ತಾರೆ. ಅದಕ್ಕೆ ಒಂದು ಸಲ ಕೂತು ಎಲ್ಲ ಬರೆದುಬಿಡೋಣ ಅನ್ನಿಸಿತು.

ಮೊದಲ ಸಲ ನಾನು ಜಾಗ ಆರಿಸಿದ್ದು ಫೋಟೋ ನೋಡಿ. ತುದಿಯಲ್ಲಿ ನಿಂತು ಎರಡು ಕೈ ಅಗಲಿಸಿದ ಫೋಟೋ ಇರುತ್ತಲ್ಲ, ಅದು. ಹೋದ ಮೇಲೆ ಗೊತ್ತಾಯಿತು, ತುದಿಯಲ್ಲಿ ನಿಲ್ಲೋದು ಅರ್ಧ ಗಂಟೆ. ದಿನಕ್ಕೆ ನಡಿಗೆ ನಾಲ್ಕೈದು ಗಂಟೆ, ಮಧ್ಯಾಹ್ನ ಎರಡು ಮೂರಕ್ಕೆಲ್ಲ ಕ್ಯಾಂಪ್ ಮುಟ್ಟುತ್ತೀರಿ, ಐದೂವರೆಗೆ ಸೂರ್ಯ ಗುಡ್ಡದ ಹಿಂದೆ ಹೋದ ಅಂದರೆ ಮಾರನೇ ದಿನ ಬೆಳಗ್ಗೆ ಏಳರ ತನಕ ಬರೀ ಚಳಿ. ಹಿಮದ ಕ್ಯಾಂಪಿಂಗ್ ಅಂದರೆ ಆ ಹದಿಮೂರು ಗಂಟೆ. ಅದನ್ನು ಹೇಗೆ ಕಳೀತೀರಿ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ, ಎಷ್ಟು ರಾತ್ರಿ ಟೆಂಟಿನಲ್ಲಿ, ಎಷ್ಟು ಎತ್ತರದಲ್ಲಿ? ಸಾವಿರ ಅಡಿ ಮೇಲೆ ಹೋದ ಹಾಗೆ ಸುಮಾರು ಎರಡು ಡಿಗ್ರಿ ಚಳಿ ಜಾಸ್ತಿ ಆಗುತ್ತದೆ, ಗಾಳಿ ಬೇರೆ. ಎರಡನೆಯದು, ಮೈ ಕೆಟ್ಟರೆ ಎಷ್ಟು ಹೊತ್ತಿನಲ್ಲಿ ರಸ್ತೆಗೆ ಇಳಿಯಬಹುದು? ಇದನ್ನು ಯಾರೂ ಕೇಳುವುದೇ ಇಲ್ಲ. ಆಮೇಲೆ ಹಿಮ ಸಿಗುವ ಖಾತ್ರಿ, ಬೆಂಗಳೂರಿನಿಂದ ಹೋಗಿ ಬರಲು ಬೇಕಾದ ದಿನ, ದುಡ್ಡು, ಜನಜಂಗುಳಿ. ಈ ಲೆಕ್ಕದಲ್ಲೇ ಒಂದೊಂದಾಗಿ ನೋಡೋಣ.

ಅದಕ್ಕೂ ಮೊದಲು ತಿಂಗಳು. ಇಲ್ಲೇ ಜಾಸ್ತಿ ಜನ ಎಡವೋದು. ಕ್ರಿಸ್‌ಮಸ್ ರಜೆ ಇದೆ ಅಂತ ಡಿಸೆಂಬರ್ ಕೊನೆಗೆ ಹೋಗುತ್ತಾರೆ, ಹಿಮ ಕಾಣದೆ ಕಂದು ಹುಲ್ಲು ನೋಡಿಕೊಂಡು ಬರುತ್ತಾರೆ. ಉತ್ತರಾಖಂಡದ ಚಳಿಗಾಲದ ಹಿಮ ನಮ್ಮ ಮುಂಗಾರಿನ ಹಾಗೆ ಕಡಲಿಂದ ನೇರ ಬರುವಂಥದ್ದಲ್ಲ. ಮೆಡಿಟರೇನಿಯನ್ ಕಡೆಯಿಂದ ಪಶ್ಚಿಮದ ಗಾಳಿಯ ಜೊತೆ ತೇಲಿಕೊಂಡು ಬರುವ ಮೋಡಗಳು ಸುರಿಸೋದು ಅದು. ಬಂದರೆ ಒಂದೇ ರಾತ್ರಿಗೆ ಮೊಣಕಾಲುದ್ದ, ಬರದಿದ್ದರೆ ಮೂರು ವಾರ ಬರೀ ನೀಲಿ ಆಕಾಶ. ಜನವರಿ ಮಧ್ಯದಿಂದ ಮಾರ್ಚ್ ಮೊದಲ ವಾರಗಳವರೆಗೆ ನೆಲದ ಮೇಲೆ ಹಿಮ ಇರುವ ಸಾಧ್ಯತೆ ಹೆಚ್ಚು. ನನ್ನ ಕೇಳಿದರೆ ಫೆಬ್ರವರಿ. ಹಿಮ ಕೂತಿರುತ್ತೆ, ಹಗಲು ಸ್ವಲ್ಪ ಉದ್ದ ಆಗಿರುತ್ತೆ, ಹೊಸ ವರ್ಷದ ಗಲಾಟೆ ಮುಗಿದಿರುತ್ತೆ.

ಈಗ ಕೇದಾರಕಂಠ. ಉತ್ತರಕಾಶಿ ಜಿಲ್ಲೆ, ಎತ್ತರ ಸುಮಾರು 12,500 ಅಡಿ. ಬುಡದ ಊರು ಸಾಂಕ್ರಿ, ಡೆಹ್ರಾಡೂನಿನಿಂದ ಹೆಚ್ಚು ಕಡಿಮೆ 200 ಕಿ.ಮೀ., ಮಸ್ಸೂರಿ, ಪುರೋಲಾ, ಮೋರಿ ಮೇಲೆ ಹಾದು ಎಂಟರಿಂದ ಹತ್ತು ಗಂಟೆ. ಜೀಪುಗಳು ಬೆಳಗ್ಗೆ ಆರು ಆರೂವರೆಗೆಲ್ಲ ಹೊರಟುಬಿಡುತ್ತವೆ, ಅಂದರೆ ಹಿಂದಿನ ದಿನವೇ ಡೆಹ್ರಾಡೂನ್ ಮುಟ್ಟಿರಬೇಕು. ಮೊದಲ ರಾತ್ರಿ ಸಾಮಾನ್ಯವಾಗಿ ಜುಡಾ ಕಾ ತಾಲಾಬ್ ಅನ್ನುವ ಕೆರೆಯ ಹತ್ತಿರ, ಸುಮಾರು 9,100 ಅಡಿ, ಸುತ್ತ ಪೈನ್ ಮರ, ಗಾಳಿ ಕಡಿಮೆ. ಎರಡನೇ ರಾತ್ರಿ ಬೇಸ್ ಕ್ಯಾಂಪು, 11,000 ಅಡಿ ದಾಟಿದ ಬಯಲು. ಎರಡೂ ರಾತ್ರಿ ನಡುವೆ ಅಜಗಜಾಂತರ. ಕೆರೆ ಪಕ್ಕ ನಾನು ಬೆಂಕಿ ಮುಂದೆ ಕೂತು ಹಾಡು ಹೇಳಿದವನು, ಮಾರನೇ ರಾತ್ರಿ ಟೆಂಟಿನ ಜಿಪ್ ಎಳೆಯೋಕೆ ಕೈಗವಸು ತೆಗೆಯಲೂ ಹೆದರಿದೆ. ಬೆಳಗಿನ ಜಾವ ಎರಡು ಮೂರಕ್ಕೆ ಎಬ್ಬಿಸುತ್ತಾರೆ, ತುದಿಯಲ್ಲಿ ಸೂರ್ಯೋದಯ ನೋಡಬೇಕಲ್ಲ. ಅವತ್ತು ಶೂ ಹಾಕಿಕೊಳ್ಳಲು ಹೋದರೆ ಅವು ಮರದ ಹಲಗೆ ಹಾಗೆ ಸೆಟೆದು ನಿಂತಿದ್ದವು. ಹಿಂದಿನ ಸಂಜೆ ಒದ್ದೆಯಾಗಿದ್ದವು, ಹೊರಗೇ ಬಿಟ್ಟಿದ್ದೆ. ಲೇಸಿನ ಗಂಟು ಹಲ್ಲಿನಲ್ಲಿ ಕಚ್ಚಿದರೂ ಬಿಚ್ಚಲಿಲ್ಲ. ಗೈಡ್ ನಕ್ಕು ತನ್ನ ಚಹಾದ ಲೋಟದಿಂದಲೇ ಅದರ ಮೇಲೆ ಎರಡು ಹನಿ ಸುರಿದ.

ಆದರೂ ತುದಿಯಿಂದ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಎದುರಿಗೇ ಕಾಣುತ್ತವೆ, ಅದಕ್ಕೆ ಮಾತಿಲ್ಲ. ಹಿಮದ ಇಳಿಜಾರನ್ನು ಹತ್ತಿ ಒಂದು ಶಿಖರದ ನೆತ್ತಿ ಮುಟ್ಟಿದೆ ಅನ್ನುವ ಖುಷಿ ಮೊದಲ ಸಲದವರಿಗೆ ಇಷ್ಟು ಸಲೀಸಾಗಿ ಬೇರೆಲ್ಲೂ ಸಿಗಲಿಕ್ಕಿಲ್ಲ. ಎಡವಟ್ಟಾದರೆ ಕೆರೆ ಕ್ಯಾಂಪಿನಿಂದ ಸಾಂಕ್ರಿಗೆ ಎರಡು ಮೂರು ಗಂಟೆ ಇಳಿದರೆ ಸಾಕು, ಬೇಸ್ ಕ್ಯಾಂಪಿನಿಂದ ಅದರ ದುಪ್ಪಟ್ಟು. ಕೊರತೆ ಒಂದೇ, ಜನ. ಡಿಸೆಂಬರ್ ಕೊನೆ ವಾರ ಜಾತ್ರೆ ಇದ್ದ ಹಾಗೆ ಇರುತ್ತದೆ. ತುದಿಗೆ ಹತ್ತೋಕೆ ಸಾಲು, ಟಾಯ್ಲೆಟ್ ಟೆಂಟಿಗೂ ಸಾಲು. ಜನ ಜಾಸ್ತಿ ಆದ ಕಾರಣಕ್ಕೇ ರೇಟು ಕಡಿಮೆ, ಬಾಡಿಗೆ ಸಾಮಾನು ಸಾಂಕ್ರಿಯಲ್ಲೇ ಸಿಗುತ್ತದೆ, ಅದೂ ನಿಜ.

ಬ್ರಹ್ಮತಾಲ್ ಚಮೋಲಿ ಜಿಲ್ಲೆಯದು, ಬುಡದ ಊರು ಲೋಹಾಜಂಗ್. ರಿಷಿಕೇಶದಿಂದಲೋ ಕಾಠಗೋದಾಮಿನಿಂದಲೋ ಹತ್ತು ಗಂಟೆ ಹಿಡಿಯುವ ದಾರಿ. ಎತ್ತರ ಕೇದಾರಕಂಠಕ್ಕಿಂತ ಸ್ವಲ್ಪ ಕಮ್ಮಿ, 12,200 ಅಡಿ ಆಸುಪಾಸು. ಬೇಕಲ್‌ತಾಲ್, ಬ್ರಹ್ಮತಾಲ್ ಎರಡು ಕೆರೆ, ಚಳಿಗಾಲದಲ್ಲಿ ಎರಡೂ ಹೆಪ್ಪುಗಟ್ಟಿರುತ್ತವೆ. ಇಲ್ಲಿನ ಸೊಗಸು ಬೆಟ್ಟದ ಏಣಿನ ಮೇಲಿನ ನಡಿಗೆ. ಗಂಟೆಗಟ್ಟಲೆ ತ್ರಿಶೂಲ್ (7,120 ಮೀ.) ಮತ್ತು ನಂದಾ ಘುಂಟಿ ಎದುರಿಗೇ ಇರುತ್ತವೆ, ಕೇದಾರಕಂಠದ ಹಾಗೆ ಅರ್ಧ ಗಂಟೆ ನೋಡಿ ಇಳಿಯುವ ಅವಸರ ಇಲ್ಲ. ಆದರೆ ಬಯಲಿಗೆ ತೆರೆದುಕೊಂಡ ಏಣು, ಗಾಳಿ ಎದ್ದರೆ ಮುಖ ಕೊಯ್ಯುತ್ತದೆ. ಟೆಂಟಿನಲ್ಲಿ ಮೂರು ರಾತ್ರಿ ಅಂತ ಇಟ್ಟುಕೊಳ್ಳಿ. ಕೇದಾರಕಂಠದ ಎರಡಕ್ಕೂ ಇಲ್ಲಿನ ಮೂರಕ್ಕೂ ವ್ಯತ್ಯಾಸ ಕಾಗದದ ಮೇಲೆ ಒಂದೇ ರಾತ್ರಿ. ಮೂರನೇ ರಾತ್ರಿ ಹೊತ್ತಿಗೆ ಒಣಗಿದ ಸಾಕ್ಸ್ ಒಂದೂ ಉಳಿದಿರುವುದಿಲ್ಲ, ಆಗ ಗೊತ್ತಾಗುತ್ತೆ. ಒಂದು ಸಲ ಹಿಮದಲ್ಲಿ ಮಲಗಿ ಬಂದವರಿಗೆ, ಜನ ಕಡಿಮೆ ಇರಲಿ ಅನ್ನುವವರಿಗೆ ಇದೇ ಸರಿ.

ಕುವಾರಿ ಪಾಸ್ ಬಗ್ಗೆಯೂ ಕೇಳುತ್ತಾರೆ. ವೈಸ್‌ರಾಯ್ ಕರ್ಜನ್ ಹೆಸರಿನ ಹಳೇ ದಾರಿ, ನಂದಾದೇವಿ, ದ್ರೋಣಗಿರಿ, ಚೌಖಂಬಾ ಎಲ್ಲ ಒಂದೇ ಸಾಲಿನಲ್ಲಿ ಕಾಣುವ ಜಾಗ. ನೋಟ ಅಂತ ಹೋದರೆ ಈ ಪಟ್ಟಿಯಲ್ಲಿ ಇದಕ್ಕೇ ಮೊದಲ ನಂಬರು. ಬುಡದ ಊರು ಜೋಶಿಮಠ, 2023ರ ಜನವರಿಯಲ್ಲಿ ಮನೆಗಳು ಬಿರುಕು ಬಿಟ್ಟು ಸುದ್ದಿಯಾಗಿತ್ತಲ್ಲ, ಅದೇ. ರಿಷಿಕೇಶದಿಂದ ಪೂರ್ತಿ ಒಂದು ದಿನದ ದಾರಿ. ಎರಡನೇ ಮೂರನೇ ಟ್ರೆಕ್‌ಗೆ ಇಟ್ಟುಕೊಳ್ಳಿ.

ನನಗೆ ಇಷ್ಟವಾದದ್ದು, ಜನ ಕಡೆಗಣಿಸೋದು, ದಯಾರಾ ಬುಗ್ಯಾಲ್. ಬುಗ್ಯಾಲ್ ಅಂದರೆ ಎತ್ತರದ ಹುಲ್ಲುಗಾವಲು. ನಮ್ಮ ಕುದುರೆಮುಖದ ಬೋಳುಗುಡ್ಡಗಳನ್ನು ಹನ್ನೊಂದು ಹನ್ನೆರಡು ಸಾವಿರ ಅಡಿಗೆ ಎತ್ತಿಟ್ಟು ಬಿಳಿ ಬಟ್ಟೆ ಹೊದಿಸಿದ ಹಾಗೆ. ಉತ್ತರಕಾಶಿ ದಾಟಿ ರೈಥಲ್ ಅನ್ನುವ ಊರಿನಿಂದ ಹತ್ತಬೇಕು. ಊರಿನಲ್ಲಿ ಹೋಮ್‌ಸ್ಟೇಗಳಿವೆ. ನಾವು ಉಳಿದ ಮನೆಯ ಅಜ್ಜಿ ಒಲೆಯ ಮೇಲಿಂದ ತಟ್ಟೆಗೆ ಹಾಕಿದ ಕಂದು ರೊಟ್ಟಿ ನೋಡಿ ನಮ್ಮ ಮಂಡ್ಯದ ಗೆಳೆಯ ಎದ್ದೇ ನಿಂತ. ಮಂಡುವಾ ಅಂತಾರೆ ಅವರು, ನಮ್ಮ ರಾಗಿಯೇ! ತುಪ್ಪ ಸವರಿ ಬೆಲ್ಲದ ಜೊತೆ ಕೊಟ್ಟರು, ಅವನು ಐದು ತಿಂದ.

ದಯಾರಾದ ಏರು ನಿಧಾನದ್ದು, ಕಡಿದಾದ ಜಾಗ ಕಡಿಮೆ, ಮಂಡಿಗೆ ಇಳಿಯುವಾಗಲೂ ಹೊಡೆತ ಬೀಳುವುದಿಲ್ಲ. ಒಂದೇ ರಾತ್ರಿ ಟೆಂಟಿನಲ್ಲಿ ಮಲಗಿ, ಮಾರನೇ ದಿನ ಬಯಲು ನೋಡಿ, ಸಂಜೆಗೆ ಊರಿಗೆ ಇಳಿದು ಮನೆಯೊಳಗೆ ರಜಾಯಿ ಹೊದ್ದು ಮಲಗುವಂತೆ ಪ್ಲಾನ್ ಮಾಡಬಹುದು. ಬುಗ್ಯಾಲಿನ ಮೇಲೆಯೇ ಟೆಂಟ್ ಹಾಕಿಸಿಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಹುಲ್ಲುಗಾವಲಿನಲ್ಲಿ ರಾತ್ರಿ ಉಳಿಯಬಾರದು ಅಂತ ಉತ್ತರಾಖಂಡ ಹೈಕೋರ್ಟ್ 2018ರಲ್ಲೇ ಹೇಳಿದೆ. ಕ್ಯಾಂಪು ಕೆಳಗಿನ ಕಾಡಿನ ಅಂಚಿನಲ್ಲಿ, ಅದೇ ಒಳ್ಳೆಯದು ಕೂಡ, ಮರಗಳು ಗಾಳಿ ತಡೆಯುತ್ತವೆ. ಕೊರತೆ ಅಂದರೆ, ಶಿಖರ ಗೆದ್ದೆ ಅನ್ನುವ ಭಾವನೆ ಬರುವುದಿಲ್ಲ. ಬರೀ ವಿಶಾಲವಾದ ಬಿಳಿ ಬಯಲು, ಆಚೆ ಬಂದರ್‌ಪೂಂಛ್. ಕೆಲವರಿಗೆ ಅಷ್ಟು ಸಾಕಾಗೋಲ್ಲ.

ನಾಗ್ ಟಿಬ್ಬಾ ಎಲ್ಲಕ್ಕಿಂತ ಚಿಕ್ಕದು. 3,022 ಮೀಟರ್, ಮಸ್ಸೂರಿ ಆಚೆ ಪಂತವಾಡಿ ಊರಿನಿಂದ ಹತ್ತೋದು, ಟೆಂಟಿನಲ್ಲಿ ಒಂದೇ ರಾತ್ರಿ. ಐದು ದಿನದ ರಜೆಯಲ್ಲಿ ಆರಾಮಾಗಿ ಮುಗಿಯುವುದು ಇದೊಂದೇ. ಆದರೆ ಎತ್ತರ ಕಡಿಮೆ ಇರೋದರಿಂದ ಹಿಮದ್ದು ಲಾಟರಿ. ಜನವರಿ ಫೆಬ್ರವರಿಯಲ್ಲಿ ಹೊಸ ಹಿಮ ಬಿದ್ದ ವಾರ ಹೋದರೆ ಉಂಟು, ಇಲ್ಲದಿದ್ದರೆ ಮರದ ನೆರಳಿನಲ್ಲಿ ಅಲ್ಲೊಂದು ಇಲ್ಲೊಂದು ತೇಪೆ. ಟಿಕೆಟ್ ಮುಂಚೆ ಮಾಡಬೇಕು, ಹಿಮ ಬೀಳೋದು ಹಿಂದಿನ ವಾರ ಗೊತ್ತಾಗೋದು, ಇದೇ ತಾಪತ್ರಯ.

ಪೂರ್ವಕ್ಕೆ ಹೋದರೆ ಸಂದಕ್‌ಫು. ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ, 3,636 ಮೀಟರ್. ಬಾಗ್ಡೋಗ್ರಾ ತನಕ ವಿಮಾನ, ಅಲ್ಲಿಂದ ಮಾನೆಭಂಜಾಂಗ್. ಇಲ್ಲಿ ಟೆಂಟ್ ಬೇಕಿಲ್ಲ, ದಾರಿಯುದ್ದಕ್ಕೂ ಲಾಡ್ಜು, ಕೋಣೆ, ದಪ್ಪ ರಜಾಯಿ. ಕಾಂಚನಜುಂಗಾ ಇಡೀ ಸಾಲು ಕಾಣುತ್ತದೆ, ಆಕಾಶ ತಿಳಿಯಾಗಿದ್ದರೆ ಎವರೆಸ್ಟೂ ಕಾಣುತ್ತದೆ. ನಡೆಯಲು ಆಗದವರು ಲ್ಯಾಂಡ್ ರೋವರ್ ಹತ್ತಿ ತುದಿ ತನಕ ಹೋಗಬಹುದು, ಆದರೆ ಅದರಲ್ಲೇ ಒಂದು ಅಪಾಯ ಇದೆ. ಬೆಳಗ್ಗೆ ಕೆಳಗಿದ್ದವರು ಮಧ್ಯಾಹ್ನಕ್ಕೆ ಹನ್ನೆರಡು ಸಾವಿರ ಅಡಿ ಹತ್ತಿರ ಇರುತ್ತೀರಿ, ತಲೆನೋವು, ವಾಂತಿ ಶುರುವಾಗಬಹುದು. ನಡುವೆ ತುಮ್ಲಿಂಗ್‌ನಲ್ಲಿ ಒಂದು ರಾತ್ರಿ ಮಲಗಿಯೇ ಮೇಲೆ ಹೋಗಿ. ಹಿಮ ಇಲ್ಲಿ ಕೆಲವೇ ದಿನ ಇರುತ್ತದೆ, ಹಿಮಕ್ಕೇ ಅಂತ ಹೋಗೋದಾದರೆ ಇದು ಬೇಡ.

ಇನ್ನು ಮಕ್ಕಳಿರುವವರು. ಮನಾಲಿ ಮೇಲೆ ಸೇಥನ್ ಅನ್ನುವ ಚಿಕ್ಕ ಊರಿದೆ, ಸುಮಾರು 2,700 ಮೀಟರ್. ಚಳಿಗಾಲದಲ್ಲಿ ಅಲ್ಲಿ ಹಿಮದ ಇಗ್ಲೂ ಕಟ್ಟಿ ಮಲಗಿಸುತ್ತಾರೆ, ಹಿಮದ ಮೇಲೆ ಟೆಂಟೂ ಹಾಕಿಕೊಡುತ್ತಾರೆ. ಹಿಮದ ಗೋಡೆಯೊಳಗೆ ಹೇಗೆ ಬೆಚ್ಚಗಿರುತ್ತೆ ಅಂತ ಅನುಮಾನ ಬೇಡ, ಹಿಮದ ಹರಳುಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತೆ, ಹೊರಗೆ ಮೈನಸ್ ಹತ್ತಿದ್ದರೂ ಒಳಗೆ ಸೊನ್ನೆಯ ಆಸುಪಾಸು ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಪಕ್ಕದಲ್ಲೇ ಮನೆ ಇದೆ. ಮಗು ರಾತ್ರಿ ಹನ್ನೊಂದಕ್ಕೆ ಅಳೋಕೆ ಶುರು ಮಾಡಿದರೆ ಎತ್ತಿಕೊಂಡು ಒಳಗೆ ಹೋದರಾಯಿತು. ದೆಹಲಿಯಿಂದ ಮನಾಲಿಗೆ ರಾತ್ರಿ ಬಸ್ಸು, ಹನ್ನೆರಡು ಹದಿನಾಲ್ಕು ಗಂಟೆ.

ಚಾದರ್ ಬಗ್ಗೆ ಒಂದೇ ಮಾತು. ಲಡಾಖಿನ ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲೆ ನಡೆಯೋದು, ರಾತ್ರಿ ಮೈನಸ್ 20ರಿಂದ 30. ಮೊದಲ ಹಿಮದ ಟ್ರಿಪ್ಪಿಗೆ ಖಂಡಿತ ಬೇಡ.

ದುಡ್ಡಿನ ವಿಷಯ. ನನ್ನ ಲೆಕ್ಕದಲ್ಲಿ ಬೆಂಗಳೂರಿನಿಂದ ವಿಮಾನದಲ್ಲಿ ಹೋಗಿ ಬಂದು ಕೇದಾರಕಂಠವೋ ಬ್ರಹ್ಮತಾಲೋ ಮುಗಿಸಲು ಒಬ್ಬರಿಗೆ 25ರಿಂದ 35 ಸಾವಿರ ಆಗುತ್ತದೆ. ಅದರಲ್ಲಿ ಟ್ರೆಕ್ಕಿನ ಫೀಸು 8ರಿಂದ 15 ಸಾವಿರ, ವಿಮಾನ ಹೆಚ್ಚು ಕಡಿಮೆ ಅಷ್ಟೇ, ಉಳಿದದ್ದು ಜೀಪು, ಬಾಡಿಗೆ ಸಾಮಾನು, ಡೆಹ್ರಾಡೂನಿನ ಒಂದೆರಡು ರಾತ್ರಿ. ದೆಹಲಿ ತನಕ ರೈಲಿನಲ್ಲಿ ಹೋದರೆ ಸಾಕಷ್ಟು ಉಳಿಯುತ್ತದೆ, ರಜೆ ಮಾತ್ರ ಹೋಗೋಕೆ ಎರಡು ದಿನ, ಬರೋಕೆ ಎರಡು ದಿನ ತಿನ್ನುತ್ತದೆ. ವಿದ್ಯಾರ್ಥಿಗಳಿಗೆ ಸರಿ.

ಫೀಸಿನಲ್ಲಿ ಆ ಏಳು ಸಾವಿರದ ವ್ಯತ್ಯಾಸ ಯಾಕೆ ಅಂದರೆ, ದೊಡ್ಡ ಕಂಪನಿ ಒಂದು ಕಡೆ, ಊರಿನ ಗೈಡ್ ಇನ್ನೊಂದು ಕಡೆ. ದೊಡ್ಡವರ ಹತ್ತಿರ ನಿಯಮ, ಆಕ್ಸಿಜನ್ ಸಿಲಿಂಡರ್, ದಿನಕ್ಕೆರಡು ಸಲ ನಾಡಿ ನೋಡುವ ಶಿಸ್ತು ಎಲ್ಲ ಇರುತ್ತದೆ, ಜೊತೆಗೆ ಇಪ್ಪತ್ತು ಜನರ ಗುಂಪು. ಊರಿನವರ ಹತ್ತಿರ ದುಡ್ಡು ಕಡಿಮೆ, ಹೊಂದಾಣಿಕೆ ಜಾಸ್ತಿ, ನಿಮ್ಮ ನಡಿಗೆಗೆ ತಕ್ಕ ಹಾಗೆ ಪ್ಲಾನ್ ಬದಲಿಸುತ್ತಾರೆ. ಆದರೆ ಸಾಮಾನು ಹೇಗಿರುತ್ತೆ ಅನ್ನೋದು ಅದೃಷ್ಟ. ನಾನು ಎರಡೂ ಮಾಡಿದ್ದೇನೆ. ಹೆಸರು ಬೇಡ, ಒಂದು ಕಡೆ ಕೊಟ್ಟ ಸ್ಲೀಪಿಂಗ್ ಬ್ಯಾಗು ಕೈಗೆ ತೆಗೆದುಕೊಂಡಾಗಲೇ ಭಾರ ಅನ್ನಿಸಿತ್ತು. ಹಿಂದಿನ ಬ್ಯಾಚಿನವರು ಬಳಸಿದ್ದು, ಒಣಗಿಸದೆ ಸುತ್ತಿಟ್ಟಿದ್ದರು. ಒಳಗೆ ಕಾಲು ಹಾಕಿದರೆ ಒದ್ದೆ ಗೋಣಿಚೀಲ. ಇಡೀ ರಾತ್ರಿ ಎರಡು ಜಾಕೆಟ್ ಹಾಕಿಕೊಂಡು ಕೂತಿದ್ದೆ. ಯಾರ ಜೊತೆ ಹೋದರೂ ಬುಡದ ಊರಿನಲ್ಲೇ ಬ್ಯಾಗ್ ಬಿಚ್ಚಿಸಿ ಕೈ ಹಾಕಿ ನೋಡಿ, ಒಂದು ಟೆಂಟಿಗೆ ಎಷ್ಟು ಜನ ಕೇಳಿ, ಗೈಡ್ ಎಲ್ಲಿ ತರಬೇತಿ ಪಡೆದಿದ್ದಾನೆ ಕೇಳಿ. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ ಕೋರ್ಸ್ ಮಾಡಿದವರು ಆ ಕಡೆ ಸಾಕಷ್ಟು ಜನ ಸಿಗುತ್ತಾರೆ.

ಕೊಳ್ಳೋದಾ, ಬಾಡಿಗೆಯಾ? ಶೂ, ಒಳಗಿನ ಥರ್ಮಲ್ಲು, ಉಣ್ಣೆ ಸಾಕ್ಸು ಕೊಳ್ಳಿ. ದಪ್ಪ ಜಾಕೆಟ್, ಶೂ ಒಳಗೆ ಹಿಮ ಹೋಗದ ಹಾಗೆ ಕಾಲಿಗೆ ಸುತ್ತುವ ಗೈಟರ್, ಶೂಗೆ ಕಟ್ಟುವ ಮುಳ್ಳಿನ ಸರಪಳಿ ಬಾಡಿಗೆಗೆ ಸಾಕು, ಬೆಂಗಳೂರಿನಲ್ಲಿ ಅವು ಅಟ್ಟದ ಮೇಲೆ ಧೂಳು ತಿನ್ನುತ್ತವೆ. ಸ್ಲೀಪಿಂಗ್ ಬ್ಯಾಗ್ ಕೊಳ್ಳೋದಾದರೆ ಲೇಬಲ್ಲಿನಲ್ಲಿ ದೊಡ್ಡದಾಗಿ ಬರೆದ ಮೈನಸ್ ನಂಬರಿಗೆ ಮರುಳಾಗಬೇಡಿ. ಅದು ಎಷ್ಟೋ ಸಲ ಎಕ್ಸ್‌ಟ್ರೀಮ್ ಅಂಕಿ, ಅಂದರೆ ಸಾಯದೆ ರಾತ್ರಿ ಕಳೆಯುವ ಚಳಿ. ನಿದ್ದೆ ಬರಬೇಕಾದರೆ ನೋಡಬೇಕಾದ್ದು ಕಂಫರ್ಟ್ ಅಂಕಿ. ಕೆಳಗೆ ಹಾಸುವ ಮ್ಯಾಟಿಗೂ ಅಷ್ಟೇ ಗಮನ ಕೊಡಿ, ಮೈಯ ಬಿಸಿ ನೆಲಕ್ಕೇ ಇಳಿದು ಹೋಗುತ್ತದೆ. ನೀರಿನ ಬಾಟಲಿ ಸ್ಟೀಲಿನದಾದರೆ ಮಲಗುವ ಮುಂಚೆ ಬಿಸಿನೀರು ತುಂಬಿ ಸಾಕ್ಸಿನಲ್ಲಿ ಹಾಕಿ ಕಾಲ ಹತ್ತಿರ ಇಟ್ಟುಕೊಳ್ಳಿ. ಫೋನು, ಪವರ್ ಬ್ಯಾಂಕು, ಮಾರನೇ ದಿನದ ಸಾಕ್ಸು ಎಲ್ಲ ಬ್ಯಾಗಿನೊಳಗೆ ನಿಮ್ಮ ಜೊತೆಗೇ ಮಲಗಲಿ. ಟೆಂಟಿನೊಳಗೆ ಕೆಂಡದ ಕುಂಡ, ಸ್ಟೌ ಯಾವುದೂ ಬೇಡ, ಎಷ್ಟೇ ಚಳಿಯಿರಲಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಮೈ ಎಷ್ಟು ತಯಾರಿದೆ ಅಂತ ನೋಡಲು ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಬನ್ನಿ. ಒಂದು ದಿನದ ಏರಿನ ಲೆಕ್ಕದಲ್ಲಿ ಅದು ಕೇದಾರಕಂಠದ ಯಾವ ದಿನಕ್ಕಿಂತಲೂ ಗಟ್ಟಿ. ಅದು ಹೇಳಿಕೊಡದೆ ಇರೋದು ಎತ್ತರದ ತೆಳು ಗಾಳಿ ಮಾತ್ರ. ಹತ್ತು ಸಾವಿರ ಅಡಿ ಮೇಲೆ ತಲೆನೋವು ಶುರುವಾದರೆ ಗೈಡಿಗೆ ಹೇಳಿ, ಮುಚ್ಚಿಡಬೇಡಿ, ಜೋರಾದರೆ ಇಳಿಯಿರಿ. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಗೆಳೆಯ ಹೇಳಿದ ಅಂತ ನುಂಗಬೇಡಿ, ಡಾಕ್ಟರನ್ನು ಕೇಳಿ.

ಹಾಗಾದರೆ ಮೂವರಿಗೆ ನಾನು ಹೇಳಿದ್ದು ಏನು? ಆಫೀಸಿನ ಹುಡುಗನಿಗೆ, ಐದು ದಿನಕ್ಕೆ ನಾಗ್ ಟಿಬ್ಬಾ, ಇಲ್ಲಾ ಮ್ಯಾನೇಜರ್ ಹತ್ತಿರ ಇನ್ನೆರಡು ದಿನ ಬೇಡಿ ಫೆಬ್ರವರಿಯಲ್ಲಿ ಕೇದಾರಕಂಠ. ಅವನು ಎರಡನೆಯದಕ್ಕೆ ಹೊರಟಿದ್ದಾನೆ. ನಾದಿನಿಗೆ ಸೇಥನ್, ಇನ್ನು ಮೂರು ವರ್ಷ ಬಿಟ್ಟು ದಯಾರಾ. ಭಾವನಿಗೆ ದಯಾರಾ ಅಂದೆ, ಮೊದಲು ಮಂಡಿ ಡಾಕ್ಟರ್, ಆಮೇಲೆ ಟಿಕೆಟ್. "ಏನಪ್ಪಾ, ನನ್ನ ಮುದುಕ ಅಂತ ತಿಳ್ಕೊಂಡಿದೀಯಾ, ಎಲ್ಲರೂ ಹೋಗೋ ಕೇದಾರಕಂಠ ನನಗ್ಯಾಕೆ ಬೇಡ?" ಅಂದರು. ರಾತ್ರಿ ಎರಡು ಗಂಟೆಗೆ ಎದ್ದು, ಕಲ್ಲಾದ ಶೂ ಹಾಕಿ, ಟಾರ್ಚ್ ಬೆಳಕಲ್ಲಿ ಹಿಮ ಹತ್ತಬೇಕು ಭಾವ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು, "ಆ ರಾಗಿ ರೊಟ್ಟಿ ಮನೆ ಯಾವೂರು ಅಂದೆ?"

ಒಂದು ವಿಷಯ ಮರೆತಿದ್ದೆ. ಎಲ್ಲಿಗೇ ಹೋಗಿ, ವಾಪಸ್ ವಿಮಾನವನ್ನು ಕೆಳಗಿಳಿಯುವ ದಿನಕ್ಕೇ ಬುಕ್ ಮಾಡಬೇಡಿ, ನಡುವೆ ಒಂದು ದಿನ ಖಾಲಿ ಬಿಡಿ. ಹಿಮ ಬಿದ್ದರೆ ರಸ್ತೆಗೆ ಮರ ಅಡ್ಡ ಬೀಳುತ್ತದೆ, ಜೆಸಿಬಿ ಬರೋ ತನಕ ಜೀಪಿನಲ್ಲೇ ಕೂರಬೇಕು. ನಾವು ಮೋರಿ ಹತ್ತಿರ ಹಾಗೆ ನಾಲ್ಕು ಗಂಟೆ ಕೂತಿದ್ದೆವು, ಡೆಹ್ರಾಡೂನ್ ಮುಟ್ಟುವಾಗ ನಮ್ಮ ವಿಮಾನ ಬೆಂಗಳೂರಿನಲ್ಲಿ ಇಳಿದಾಗಿತ್ತು.